ಸಮಾಜಕಾರ್ಯವೂ ಒಂದು ಕಾಯಕ



ಜಾತ್ರೆ ಹತ್ತಿರ ಬಂತೆಂದರೆ ಊರ ಅಗಸಿಯಿಂದ ಮಠದ ಮಹಾದ್ವಾರದವರೆಗೆ ಫ್ಲೆಕ್ಸ್‌ಗಳು ಏಳುತ್ತವೆ. ಮೇಲೆ ಪೂಜ್ಯರ ದೊಡ್ಡ ಭಾವಚಿತ್ರ, ಕೆಳಗೆ ಅಂಚೆಚೀಟಿಗಳಂತೆ ಸಾಲುಸಾಲಾಗಿ ಭಕ್ತರ ಮುಖಗಳು. ಗುತ್ತಿಗೆದಾರರು, ಅಡತಿ ಅಂಗಡಿಯವರು, ನಿವೇಶನ ವ್ಯಾಪಾರದವರು, ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆಯಿರುವ ತರುಣರು, ಎಲ್ಲರೂ ಅಲ್ಲಿದ್ದಾರೆ. ಬಹುತೇಕ ಎಲ್ಲರ ಹೆಸರಿನ ಕೆಳಗೂ ಒಂದೇ ಬಿರುದು: ಸಮಾಜ ಸೇವಕರು. ಅವರಲ್ಲಿ ನಿಜವಾಗಿ ನಾಲ್ಕು ಜನರಿಗೆ ಆಸರೆಯಾದವರು ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಈ ಬಿರುದು ಇಷ್ಟು ಅಗ್ಗವಾಗಿರುವುದರಿಂದಲೇ, ಎರಡು ವರ್ಷ ಕುಳಿತು ಸಮಾಜಕಾರ್ಯವನ್ನು ಓದಿ, ಹಳ್ಳಿ, ಕೊಳೆಗೇರಿ, ಆಸ್ಪತ್ರೆಗಳಲ್ಲಿ ಕ್ಷೇತ್ರಕಾರ್ಯ ಮಾಡಿ ಬಂದ ಹೆಣ್ಣುಮಗಳೊಬ್ಬಳು "ನಾನು ಸಮಾಜಕಾರ್ಯಕರ್ತೆ" ಎಂದು ಹೇಳಿಕೊಂಡರೆ ನಮ್ಮವರು "ಓಹೋ, ಯಾವ ಪಕ್ಷ?" ಎಂದು ಕೇಳುತ್ತಾರೆ.

ಮಾರ್ಚ್ ತಿಂಗಳ ಮೂರನೆಯ ಮಂಗಳವಾರವನ್ನು ಜಗತ್ತಿನ ಹಲವೆಡೆ ಸಮಾಜಕಾರ್ಯ ದಿನವೆಂದು ಆಚರಿಸುತ್ತಾರೆ. ನಮ್ಮ ಮಠಗಳ ಪಂಚಾಂಗದಲ್ಲಿ ಆ ದಿನಕ್ಕೆ ಸ್ಥಾನವಿಲ್ಲ, ಇರಲೇಬೇಕೆಂದೂ ಇಲ್ಲ. ಆದರೆ ಆ ವೃತ್ತಿಗೆ ನಮ್ಮ ಮಠಗಳಲ್ಲಿ ಸ್ಥಾನ ಇರಬೇಕು, ಅದೂ ಬೇಗ ಇರಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ವಿವರಿಸುತ್ತೇನೆ.

ಮೊದಲು, ಇವರು ಮಾಡುವುದೇನು? ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಯಾವುದೋ ಒಂದು ಮನೆಯ ಕಥೆಯಲ್ಲ, ನಮ್ಮ ಬಯಲುಸೀಮೆಯ ಎಷ್ಟೋ ಮನೆಗಳದು. ಸಾಲದ ಬಾಧೆಗೆ ರೈತನೊಬ್ಬ ಕ್ರಿಮಿನಾಶಕ ಕುಡಿದು ಪ್ರಾಣ ಬಿಟ್ಟಿದ್ದಾನೆ. ಮಠದ ಪೂಜ್ಯರು ಮನೆಗೆ ಬರುತ್ತಾರೆ, ಹೆಂಡತಿಗೆ ಸಾಂತ್ವನ ಹೇಳುತ್ತಾರೆ, ಕೈಲಾದಷ್ಟು ಹಣ ಮತ್ತು ಒಂದು ಚೀಲ ಜೋಳ ಕೊಡಿಸುತ್ತಾರೆ. ಊರಿನವರೂ ನೆರವಾಗುತ್ತಾರೆ. ಇದು ದೊಡ್ಡ ಗುಣವೇ, ಸಂದೇಹವಿಲ್ಲ. ಹದಿನೈದು ದಿನ ಕಳೆಯುತ್ತದೆ. ಬಂದವರೆಲ್ಲ ತಮ್ಮ ತಮ್ಮ ಹೊಲಕ್ಕೆ ಹೋದ ಮೇಲೆ ಆ ತಾಯಿಯ ಎದುರಿಗೆ ಉಳಿಯುವುದು ಕಾಗದಪತ್ರ.

ಸರ್ಕಾರದಿಂದ 5 ಲಕ್ಷ ರೂಪಾಯಿ ಪರಿಹಾರವಿದೆ ಎಂದು ಯಾರೋ ಹೇಳಿರುತ್ತಾರೆ. ಆದರೆ ಪಹಣಿ ಇರುವುದು ತೀರಿಹೋದ ಮಾವನ ಹೆಸರಿನಲ್ಲಿ, ಪೌತಿ ಖಾತೆ ಆಗಿಯೇ ಇಲ್ಲ. ವಂಶವೃಕ್ಷಕ್ಕೆ ಮೈದುನ ಸಹಿ ಹಾಕಬೇಕು, ಅವನಿಗೆ ಹೊಲದ ಮೇಲೆ ಕಣ್ಣು. ಸಾಲದಲ್ಲಿ ಮುಕ್ಕಾಲು ಪಾಲು ಕೈಗಡ, ಅದಕ್ಕೆ ದಾಖಲೆಯಿಲ್ಲ. ಮರಣೋತ್ತರ ಪರೀಕ್ಷೆಯ ವರದಿ, ಪೊಲೀಸರ ವರದಿ, ಪ್ರಯೋಗಾಲಯದ ವರದಿ, ಸೊಸೈಟಿಯ ಸಾಲದ ಪತ್ರ ಎಲ್ಲವೂ ಒಂದು ಕಡೆ ಸೇರಬೇಕು. ಇತ್ತ ಸ್ವಸಹಾಯ ಸಂಘದ ವಾರದ ಕಂತು ನಿಲ್ಲುವುದಿಲ್ಲ, ಕಂಪನಿಯ ಹುಡುಗರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ ಎಂಬುದು ಆಕೆಗೆ ಗೊತ್ತಿಲ್ಲ. ದೊಡ್ಡ ಮಗ ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುತ್ತಾನೆ. ಮಗಳಿಗೆ ಹದಿನಾರು, "ಒಂದು ಕಡೆ ಕೊಟ್ಟುಬಿಡೋಣ, ಭಾರ ಇಳೀತದ" ಎಂದು ಬಂಧುಗಳು ಹೇಳತೊಡಗುತ್ತಾರೆ. ಆ ತಾಯಿಗೆ ರಾತ್ರಿ ನಿದ್ರೆಯಿಲ್ಲ. ಗಂಡ ಇಟ್ಟಿದ್ದ ಅದೇ ಡಬ್ಬಿಯ ನೆನಪು ಅವಳಿಗೂ ಬರುತ್ತದೆ.

ಸಮಾಜಕಾರ್ಯಕರ್ತರ ಕೆಲಸ ಶುರುವಾಗುವುದು ಇಲ್ಲಿ. ಆಕೆಯ ಮನೆಗೆ ಹೋಗಿ, ಒಮ್ಮೆಗೆ ಏನೂ ಕೇಳದೆ ಕುಳಿತುಕೊಳ್ಳುವುದು. ಎರಡನೆಯ, ಮೂರನೆಯ ಭೇಟಿಯಲ್ಲಿ ಆಕೆಯೇ ಮಾತನಾಡುವಂತೆ ಆಗುವುದು. ಮನಸ್ಸಿನ ಸ್ಥಿತಿ ಅಪಾಯದ ಮಟ್ಟದಲ್ಲಿದೆಯೇ ಎಂದು ಗುರುತಿಸಿ, ಇದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ತಾವೇ ಜತೆಗೆ ಕರೆದುಕೊಂಡು ಹೋಗುವುದು. ಕಾಗದಗಳಲ್ಲಿ ಯಾವುದು ಮೊದಲು ಆಗಬೇಕು, ಯಾವ ಕಚೇರಿಯ ಯಾವ ಮೇಜಿಗೆ ಹೋಗಬೇಕು ಎಂದು ತಿಳಿಸಿ, ತಾವೇ ಎಲ್ಲವನ್ನೂ ಮಾಡಿಬಿಡದೆ, ಆಕೆಯೇ ತಹಶೀಲ್ದಾರರ ಎದುರಿಗೆ ನಿಂತು ಕೇಳುವಷ್ಟು ಧೈರ್ಯ ಬರುವವರೆಗೆ ಪಕ್ಕದಲ್ಲಿರುವುದು. ಮೈದುನನನ್ನು ವೈರಿಯೆಂದು ತಳ್ಳದೆ ಅವನ ಜತೆಗೂ ಕೂರುವುದು. ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಹುಡುಗನನ್ನು ಮರಳಿ ತರಗತಿಗೆ ಸೇರಿಸುವುದು. ಅದೇ ಊರಿನಲ್ಲಿ ಹೀಗೆಯೇ ಗಂಡನನ್ನು ಕಳೆದುಕೊಂಡ ಇನ್ನೂ ಮೂವರು ಹೆಣ್ಣುಮಕ್ಕಳಿದ್ದರೆ ಅವರನ್ನು ಒಂದು ಕಡೆ ಸೇರಿಸುವುದು. ಒಬ್ಬಳಿಗೆ ಕೊಡದ ಉತ್ತರವನ್ನು ಕಚೇರಿಯವರು ನಾಲ್ವರಿಗೆ ಕೊಡುತ್ತಾರೆ.

ಒಬ್ಬರ ಜತೆ ಮಾಡುವ ಕೆಲಸಕ್ಕೆ ವ್ಯಕ್ತಿಗತ ಸಮಾಜಕಾರ್ಯ, ಗುಂಪಿನ ಜತೆ ಮಾಡುವುದಕ್ಕೆ ವೃಂದಗತ ಸಮಾಜಕಾರ್ಯ, ಊರಿನ ಜತೆ ಮಾಡುವುದಕ್ಕೆ ಸಮುದಾಯ ಸಂಘಟನೆ ಎಂದು ಪಠ್ಯಪುಸ್ತಕದಲ್ಲಿ ಹೆಸರಿದೆ. ಹೆಸರು ಏನೇ ಇರಲಿ, ಇದು ಒಳ್ಳೆಯ ಮನಸ್ಸಿದ್ದರೆ ಸಾಕು ಎನ್ನುವ ಕೆಲಸವಲ್ಲ, ಕಲಿಯಬೇಕಾದ ಕೆಲಸ. ದುಃಖದಲ್ಲಿರುವವರಿಗೆ ಏನು ಹೇಳಬಾರದು ಎಂಬುದನ್ನೂ ಕಲಿಯಬೇಕು. ಗಂಡ ಸತ್ತ ಮನೆಗೆ ಹೋಗಿ "ಎಲ್ಲಾ ಕರ್ಮ ತಾಯಿ, ಅವನ ಋಣ ಅಷ್ಟೇ ಇತ್ತು" ಎಂದು ಹೇಳಿ ಬರುವ ನಮ್ಮವರನ್ನು ನಾನು ಎಷ್ಟು ಸಲ ಕಂಡಿದ್ದೇನೆ! ಕರ್ಮಸಿದ್ಧಾಂತದ ಹೆಸರಿನಲ್ಲಿ ಮನುಷ್ಯರನ್ನು ಕುಗ್ಗಿಸುವುದನ್ನು ಶರಣರು ಒಪ್ಪಲಿಲ್ಲವೆಂದು ವೇದಿಕೆಯ ಮೇಲೆ ಭಾಷಣ ಮಾಡಿ, ಸಾವಿನ ಮನೆಯಲ್ಲಿ ಅದನ್ನೇ ಆಡಿ ಬರುತ್ತೇವೆ.

ಈ ವೃತ್ತಿ ಬೆಳೆದು ಬಂದ ದಾರಿಯನ್ನೂ ಸ್ವಲ್ಪ ತಿಳಿದಿರಬೇಕು. ಅಮೆರಿಕದ ಶಿಕಾಗೋ ನಗರದಲ್ಲಿ 1889ರಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆ ತನ್ನ ಗೆಳತಿಯೊಡನೆ ವಲಸೆ ಕಾರ್ಮಿಕರ ಕೇರಿಯಲ್ಲೇ ಒಂದು ಮನೆ ಹಿಡಿದು ನೆಲೆಸಿದಳು. ಅದೇ ಹಲ್ ಹೌಸ್. ಬಡವರಿಗೆ ದೂರದಿಂದ ದಾನ ಕಳಿಸುವ ಬದಲು ಅವರ ನೆರೆಮನೆಯವಳಾಗಿ ಬದುಕಿದವಳು ಅವಳು, 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಗೆ ಪಾತ್ರಳಾದಳು. ನಮ್ಮ ದೇಶದಲ್ಲಿ ಮುಂಬಯಿಯ ಕಾರ್ಮಿಕ ವಸತಿಗಳ ನಡುವೆ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಷನರಿಯ ನೇತೃತ್ವದಲ್ಲಿ, ದೊರಾಬ್ಜಿ ಟಾಟಾ ಅವರ ಹೆಸರಿನ ದತ್ತಿಯಿಂದ 1936ರಲ್ಲಿ ಸಮಾಜಕಾರ್ಯದ ಮೊದಲ ಶಾಲೆ ತೆರೆಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಕಷ್ಟದಲ್ಲಿರುವ ಮಕ್ಕಳು ಕರೆ ಮಾಡುವ 1098 ಸಹಾಯವಾಣಿ ಹುಟ್ಟಿದ್ದೂ 1996ರಲ್ಲಿ ಆ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿಯೇ. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಈ ಶಿಕ್ಷಣ ಆರಂಭಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಸೇರಿದಂತೆ ಇಂದು ನಮ್ಮ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಸಮಾಜಕಾರ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೇ ಪ್ರತ್ಯೇಕ ವಿಭಾಗವಿದೆ. ಅಲ್ಲಿನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ನಮಗೆ ಹೆಮ್ಮೆಯ ವಿಷಯ.

ಇಲ್ಲಿಗೆ ಬಂದಾಗ ನಮ್ಮವರೊಬ್ಬರು ಎದ್ದು "ಇದೆಲ್ಲ ಹನ್ನೆರಡನೆಯ ಶತಮಾನದಲ್ಲೇ ಇತ್ತು, ಬಸವಣ್ಣನವರೇ ಜಗತ್ತಿನ ಮೊದಲ ಸಮಾಜಕಾರ್ಯಕರ್ತರು" ಎನ್ನುವುದು ಖಂಡಿತ. ಹೀಗೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಅಪ್ಪ ಬಸವಣ್ಣನವರ ಹಿರಿಮೆಗೆ ಇಪ್ಪತ್ತನೆಯ ಶತಮಾನದ ಒಂದು ಪದವಿಯ ಹೆಸರು ಬೇಕಾಗಿಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂದು ಹೇಳಿಕೊಂಡವರಿಗೆ ಹೊಸದಾಗಿ ಕಲಿಯುವ ಗರಜು ಉಳಿಯುವುದಿಲ್ಲ ಎಂಬುದು ನನ್ನ ಅಂಜಿಕೆ.

ಹೋಲಿಕೆ ಬೇಕೇ ಆದರೆ ಬೇರೆ ಕಡೆ ಇದೆ. ಫೆಲಿಕ್ಸ್ ಬಿಸ್ಟೆಕ್ ಎಂಬ ಜೆಸುಯಿಟ್ ಪಾದ್ರಿಯೊಬ್ಬರು 1957ರಲ್ಲಿ ಈ ವೃತ್ತಿಗೆ ಏಳು ತತ್ವಗಳನ್ನು ಹೇಳಿದರು. ಬಂದವರನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕು, ತೀರ್ಪು ಕೊಡಬಾರದು, ಹೇಳಿದ್ದನ್ನು ಗುಟ್ಟಾಗಿಡಬೇಕು, ತಮ್ಮ ಬದುಕಿನ ತೀರ್ಮಾನವನ್ನು ಅವರೇ ತೆಗೆದುಕೊಳ್ಳುವ ಹಕ್ಕನ್ನು ಗೌರವಿಸಬೇಕು ಎಂಬವು ಅವುಗಳಲ್ಲಿ ಸೇರಿವೆ. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಇಷ್ಟಲಿಂಗ. ದೇವರನ್ನು ಗರ್ಭಗುಡಿಯಿಂದ ತಂದು ಪ್ರತಿಯೊಬ್ಬರ ಅಂಗೈಗೆ ಕೊಟ್ಟು, ನಡುವೆ ಪೂಜಾರಿ ಬೇಡವೆಂದ ಧರ್ಮ ನಮ್ಮದು. ಅಂಥ ಧರ್ಮದವರಿಗೆ, ನಿನ್ನ ಬದುಕಿನ ತೀರ್ಮಾನ ನಿನ್ನದು ಎಂಬ ಮಾತು ಹೊರಗಿನದೆಂದು ಅನಿಸಬಾರದು. ಆದರೂ ಮನೆಯಲ್ಲಿ ಜಗಳ, ಆಸ್ತಿ ತಂಟೆ, ಮಗಳ ಪ್ರೀತಿ, ಎಲ್ಲದಕ್ಕೂ "ಅಪ್ಪಗಳು ಹೇಳಿಬಿಡಲಿ" ಎಂದು ಮಠಕ್ಕೆ ಬರುತ್ತೇವೆ, ಅಪ್ಪಗಳೂ ಹೇಳಿಬಿಡುತ್ತಾರೆ.

ಇನ್ನು ಸಂಬಳದ ಮಾತು. ಕೆಲವು ತಿಂಗಳ ಹಿಂದೆ ಒಂದು ಮಠದ ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯ ಸಭೆಯಲ್ಲಿ ನಾನು ಕುಳಿತಿದ್ದೆ. ಪ್ರಸಾದನಿಲಯಕ್ಕೆ ಸಮಾಜಕಾರ್ಯ ಓದಿದ ಒಬ್ಬರನ್ನು ನೇಮಿಸಬೇಕೆಂಬ ವಿಷಯ ಬಂತು. ಹಿರಿಯ ಸದಸ್ಯರೊಬ್ಬರು "ಪಗಾರ ತಗೊಂಡು ಮಾಡೂದು ಅದೆಂಥಾ ಸೇವಾರೀ? ನಾವು ಇಷ್ಟು ವರ್ಷ ಪುಕ್ಕಟೆ ಮಾಡಿಲ್ಲೇನು?" ಎಂದರು. ನಾಲ್ಕಾರು ತಲೆಗಳು ಹೌದೆಂದು ಅಲ್ಲಾಡಿದವು, ವಿಷಯ ಮುಂದಿನ ಸಭೆಗೆ ಹೋಯಿತು. ಅದೇ ಸಭೆಯಲ್ಲಿ ಹೊಸ ಕಮಾನಿಗೆ ಮಂಜೂರಾತಿ ಸಿಕ್ಕಿತು.

ಆ ಹಿರಿಯರ ಸೇವಾಭಾವವನ್ನು ನಾನು ಪ್ರಶ್ನಿಸುವುದಿಲ್ಲ, ಅವರು ದುಡಿದದ್ದನ್ನು ಕಣ್ಣಾರೆ ಕಂಡವನು. ಆದರೆ ಅವರ ಮಾತು ಶರಣರ ಮಾತಲ್ಲ. ಶರಣರು ಕಾಯಕಕ್ಕೂ ಕೂಲಿಗೂ ವೈರವಿದೆಯೆಂದು ಎಲ್ಲೂ ಹೇಳಲಿಲ್ಲ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾರಿದರು, ವೈದ್ಯ ಸಂಗಣ್ಣನವರು ಮದ್ದು ಕೊಟ್ಟರು. ಅವರ ದಾಸೋಹ ನಡೆದದ್ದು ಆ ದುಡಿಮೆಯ ಫಲದಿಂದ. ಗಂಡ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿ ಎಂದವರು ಆಯ್ದಕ್ಕಿ ಲಕ್ಕಮ್ಮ. ಅತಿಯಾದದ್ದನ್ನು ಬಿಡಿಸಿದರೇ ಹೊರತು ಅಂದಂದಿನ ಅಕ್ಕಿಯನ್ನು ಬೇಡವೆನ್ನಲಿಲ್ಲ. ಪುಕ್ಕಟೆ ಮಾಡಿದರೆ ಮಾತ್ರ ಪವಿತ್ರ ಎಂಬ ಭಾವನೆ, ದುಡಿಯದೆಯೂ ಬದುಕು ನಡೆಯುವ ಉಳ್ಳವರ ಭಾವನೆ. ಬಡ ಒಕ್ಕಲು ಮನೆಯ ಹೆಣ್ಣುಮಗಳೊಬ್ಬಳು ಸಾಲ ಮಾಡಿ ಎಂ.ಎಸ್.ಡಬ್ಲ್ಯೂ. ಓದಿ ಬಂದರೆ ಅವಳು ಉಣ್ಣುವುದು ಬೇಡವೇ? ನಮ್ಮ ಶಾಲೆಯ ಶಿಕ್ಷಕರಿಗೆ, ಆಸ್ಪತ್ರೆಯ ವೈದ್ಯರಿಗೆ ಸಂಬಳ ಕೊಡುವಾಗ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಮಠಗಳು ಏನೂ ಮಾಡಿಲ್ಲವೆಂದು ಈ ಮಾತಿನ ಅರ್ಥವಲ್ಲ. ಪ್ರಸಾದನಿಲಯಗಳು ಇಲ್ಲದಿದ್ದರೆ ಕಳೆದ ನೂರು ವರ್ಷಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಹುಡುಗರು ಹೈಸ್ಕೂಲಿನ ಮೆಟ್ಟಿಲು ಹತ್ತುವುದು ಕಷ್ಟವಿತ್ತು. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ದೊರೆಯುತ್ತಿದೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳನ್ನು ನಾಡು ನೆನೆಯುವುದು ಅದಕ್ಕಾಗಿಯೇ. ಹಾನಗಲ್ಲ ಕುಮಾರ ಸ್ವಾಮಿಗಳವರ ಕೆಲಸವನ್ನಂತೂ ನಾನು ಈ ವಿಷಯದಲ್ಲಿ ವಿಶೇಷವಾಗಿ ನೆನೆಯುತ್ತೇನೆ. ಕಣ್ಣಿಲ್ಲದ ಬಾಲಕನೊಬ್ಬನಿಗೆ ಅನ್ನ ಹಾಕಿ ಕೂರಿಸದೆ, ಅವನ ಕಂಠದಲ್ಲಿದ್ದ ಶಕ್ತಿಯನ್ನು ಗುರುತಿಸಿ, ಸಂಗೀತ ಕಲಿಸಿದರು. ಆ ಬಾಲಕ ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಷ್ಟು ಅಂಧ ಮಕ್ಕಳಿಗೆ ಸ್ವಂತ ದುಡಿಮೆಯ ದಾರಿ ತೋರಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೆರವು ಬೇಡಿ ಬಂದವರು ನಾಳೆ ನೆರವು ಬೇಡದಂತೆ ಮಾಡಬೇಕೆಂದು ಸಮಾಜಕಾರ್ಯದ ತರಗತಿಗಳಲ್ಲಿ ಹೇಳಿಕೊಡುವುದೂ ಇದನ್ನೇ.

ಆದರೆ ಅಂದಿನ ಪ್ರಸಾದನಿಲಯಕ್ಕೆ ಬರುತ್ತಿದ್ದ ಹುಡುಗನ ಮುಖ್ಯ ಕೊರತೆ ಅನ್ನ ಮತ್ತು ಶಾಲೆ. ಇಂದು ಬರುವ ಮಗುವಿನ ಗಂಟಿನಲ್ಲಿ ಬೇರೆ ಏನೇನೋ ಇರುತ್ತದೆ. ತಂದೆಯ ಕುಡಿತ, ದುಡಿಯಲು ಗೋವಾಕ್ಕೋ ಬೆಂಗಳೂರಿಗೋ ಹೋದ ತಾಯಿ, ಮನೆಯಲ್ಲಿ ಕಂಡ ಹೊಡೆತ, ಕೈಗೆ ಸಿಕ್ಕ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡಿದ ಕಣ್ಣು. ಹನ್ನೊಂದು ವರ್ಷದ ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಮೇಲ್ವಿಚಾರಕರು ಎಲ್ಲರ ಎದುರಿಗೆ ಚಾಪೆ ಹೊರಿಸಿ ನಿಲ್ಲಿಸುತ್ತಾರೆ. ಅವರೂ ಕೆಟ್ಟವರಲ್ಲ. ಹಗಲು ಪಾಠ ಮಾಡಿ, ರಾತ್ರಿ ಇನ್ನೂರು ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಶಿಕ್ಷಕ ಅವರು, ಅವರನ್ನು ಹೀಗೇ ಬೆಳೆಸಿದ್ದರು. ಮೂರನೆಯ ದಿನ ಹುಡುಗ ಕಾಂಪೌಂಡು ಹಾರಿ ಓಡಿಹೋಗುತ್ತಾನೆ. "ಅವನಿಗೆ ಓದುವ ಯೋಗ ಇರಲಿಲ್ಲ" ಎಂದು ಹೇಳಿ ಹೆಸರು ಹೊಡೆಯುತ್ತೇವೆ. ಸಮಾಜಕಾರ್ಯಕರ್ತರಿದ್ದರೆ ಆ ಒದ್ದೆ ಹಾಸಿಗೆಯನ್ನು ಮಗು ಬಾಯಿಬಿಟ್ಟು ಹೇಳಲಾರದ ಒಂದು ಮಾತೆಂದು ತಿಳಿದು, ಮನೆಗೆ ಹೋಗಿ ಬರುತ್ತಿದ್ದರು, ವೈದ್ಯರಿಗೆ ತೋರಿಸುತ್ತಿದ್ದರು, ಮೇಲ್ವಿಚಾರಕರನ್ನೂ ಕೂರಿಸಿಕೊಂಡು ಮಾತನಾಡುತ್ತಿದ್ದರು.

ಈಗ ಇನ್ನೂ ಕಷ್ಟದ ಮಾತಿಗೆ ಬರುತ್ತೇನೆ. ಕೆಲವರಿಗೆ ಇದು ರುಚಿಸಲಾರದು. ನಮ್ಮ ವಸತಿನಿಲಯದಲ್ಲಿರುವ ಮಗುವಿನ ಮೈಮೇಲೆ ಯಾರಾದರೂ ಕೈಮಾಡಿದರೆ, ಅಥವಾ ಮುಟ್ಟಬಾರದಂತೆ ಮುಟ್ಟಿದರೆ, ಆ ಮಗು ಯಾರಿಗೆ ಹೇಳಬೇಕು? ಮೇಲ್ವಿಚಾರಕರಿಗೆ? ಮುಖ್ಯೋಪಾಧ್ಯಾಯರಿಗೆ? ಪೂಜ್ಯರಿಗೆ? ಅವರೆಲ್ಲರೂ ಒಂದೇ ಸಂಸ್ಥೆಯ ಅನ್ನ ಉಣ್ಣುವವರು, ಮಗುವಿನ ಕಣ್ಣಿಗೆ ಬೆಟ್ಟದಷ್ಟು ಎತ್ತರದವರು. ಪಾದಕ್ಕೆ ಎರಗಲು ಕಲಿಸಿದ ಮಗುವಿಗೆ, ಎರಗಿದ ಪಾದದವರ ಬಗ್ಗೆ ದೂರು ಹೇಳುವುದನ್ನು ನಾವು ಕಲಿಸಿಲ್ಲ. ಹೆತ್ತವರಿಗೆ ಹೇಳೋಣವೆಂದರೆ ಅವರೂ ಭಕ್ತರೇ, "ಮಠದ ಹೆಸರು ಕೆಡಿಸ್ತೀಯಾ" ಎಂದು ಮೊದಲು ಗದರುವವರು ಅವರೇ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಈ ವಿಷಯದಲ್ಲಿ ಅನುಮಾನಕ್ಕೆ ಎಡೆ ಕೊಟ್ಟಿಲ್ಲ. ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಇರಲಿ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರು ಮಾಡಿದ್ದನ್ನು ತಿಳಿಸದೆ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ನಾಲ್ಕು ಗೋಡೆಯೊಳಗೆ ಹಿರಿಯರು ಕೂತು ಬಗೆಹರಿಸಿದೆವು ಎಂಬುದು ಈ ಕಾನೂನಿನ ಎದುರು ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಅನಾಥ, ನಿರ್ಗತಿಕ ಮಕ್ಕಳನ್ನು ಇಟ್ಟುಕೊಂಡ ಸಂಸ್ಥೆಗಳಿಗೆ 2015ರ ಬಾಲನ್ಯಾಯ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಪ್ರತಿ ಮಗುವಿಗೂ ಪ್ರತ್ಯೇಕ ಆರೈಕೆ ಯೋಜನೆ ಬರೆದಿಡಬೇಕು. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಯಲ್ಲಿ ನ್ಯಾಯಾಧೀಶರ ಜತೆ ಇಬ್ಬರು ಸಮಾಜಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ನ್ಯಾಯಪೀಠದಲ್ಲೇ ಸ್ಥಾನ ಪಡೆದವರಿಗೆ ನಮ್ಮ ಪ್ರಸಾದನಿಲಯದಲ್ಲಿ ಒಂದು ಕುರ್ಚಿ ಇಲ್ಲವೆಂದರೆ ಹೇಗೆ?

ಇದಕ್ಕೆ "ಹೊರಗಿನವರನ್ನು ಒಳಗೆ ಬಿಟ್ಟರೆ ಮಠದ ಗುಟ್ಟು ಹೊರಗೆ ಹೋಗುತ್ತದೆ" ಎನ್ನುವವರಿದ್ದಾರೆ. ಮಗುವಿನ ಗುಟ್ಟು ಬೇರೆ, ಮಠದ ಗುಟ್ಟು ಬೇರೆ. ಮನೆಯ ಬಡತನ, ಮನಸ್ಸಿನ ಅಳಲು, ಪರೀಕ್ಷೆಯ ಭಯ ಇಂಥವನ್ನು ಮಗು ಹೇಳಿದರೆ ಸಮಾಜಕಾರ್ಯಕರ್ತರು ಯಾರಿಗೂ ಹೇಳುವಂತಿಲ್ಲ, ಕೇಳಿದವರು ಮಠಾಧೀಶರೇ ಆದರೂ. ಆದರೆ ಮಗುವಿಗೆ ಅಪಾಯವಾಗಿದ್ದರೆ ಮುಚ್ಚಿಡುವಂತಿಲ್ಲ, ಅದನ್ನು ಮಗುವಿಗೂ ಮೊದಲೇ ಪ್ರೀತಿಯಿಂದ ತಿಳಿಸಿರಬೇಕು. ಈ ಎರಡರ ನಡುವಿನ ಗೆರೆಯನ್ನು ಕಾಯುವುದೇ ಆ ವೃತ್ತಿಯ ಶಿಸ್ತು. ಆ ಶಿಸ್ತಿಗೆ ಹೆದರುವ ಕಾರಣ ಒಳ್ಳೆಯ ಮಠಕ್ಕಿಲ್ಲ. ಹೆಸರು ಕೆಡುವುದು ತಪ್ಪನ್ನು ಹೊರಗೆಳೆದವರಿಂದ ಎಂದು ನಂಬಿರುವ ತನಕ ನಮ್ಮ ಮಕ್ಕಳು ಸುರಕ್ಷಿತರಲ್ಲ.

ಇನ್ನೊಂದು ಕಡೆ ಇವರು ಬೇಕಾಗಿರುವುದು ಸಾಮೂಹಿಕ ವಿವಾಹಗಳಲ್ಲಿ. ಬಡವರಿಗೆ ಮದುವೆಯ ಸಾಲ ತಪ್ಪಿಸಿದ ಈ ಕಾರ್ಯ ಮೆಚ್ಚತಕ್ಕದ್ದು. ಆದರೆ ಜೋಡಿಗಳ ಸಂಖ್ಯೆ ಹೆಚ್ಚು ತೋರಿಸುವ ಉತ್ಸಾಹದಲ್ಲಿ ವಯಸ್ಸಿನ ಪರಿಶೀಲನೆ ಕೊನೆಯ ದಿನ ಮೇಜಿನ ಮೇಲೆ ಅವಸರದಲ್ಲಿ ಮುಗಿಯುತ್ತದೆ. ಆಧಾರ್ ಚೀಟಿ ತೋರಿಸಿದರೆ ಸಾಕೆನ್ನುತ್ತೇವೆ. ನೋಡಬೇಕಾದದ್ದು ಶಾಲೆಯ ದಾಖಲೆ, ಜನನ ಪ್ರಮಾಣಪತ್ರ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಂಥ ಮದುವೆ ನಡೆಸಿದವರಿಗೂ ನಿರ್ದೇಶಿಸಿದವರಿಗೂ ಎರಡು ವರ್ಷದವರೆಗೆ ಶಿಕ್ಷೆಯಿದೆ. ಅಕ್ಷತೆ ಹಾಕಲು ವೇದಿಕೆಯಲ್ಲಿ ಕುಳಿತ ಪೂಜ್ಯರೂ ಪ್ರಶ್ನೆಗೆ ಒಳಗಾಗಬಹುದು. ಆದರೆ ನನಗೆ ಶಿಕ್ಷೆಯ ಅಂಜಿಕೆಗಿಂತ ಆ ಹುಡುಗಿಯ ಚಿಂತೆ ಹೆಚ್ಚು. ಒಂದು ತಿಂಗಳ ಮೊದಲೇ ಹೆಸರು ಬರೆಸಿಕೊಂಡು, ಸಮಾಜಕಾರ್ಯಕರ್ತರು ಪ್ರತಿ ಮನೆಗೂ ಹೋಗಿ, ಹುಡುಗಿಯ ಜತೆ ಬೇರೆಯಾಗಿ ಕುಳಿತು "ನಿನಗೆ ಒಪ್ಪಿಗೆಯಾ?" ಎಂದು ಕೇಳಬೇಕು. ಹದಿನೇಳು ವರ್ಷದವಳೆಂದು ತಿಳಿದು ಮದುವೆ ನಿಂತರೆ ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ನಿಂತ ಮದುವೆಯ ಹುಡುಗಿಯನ್ನು ಊರು ಆಡಿಕೊಳ್ಳುತ್ತದೆ, ಮನೆಯವರು ಮೂರು ತಿಂಗಳಲ್ಲಿ ಬೇರೆ ಊರಿನ ಗುಡಿಯಲ್ಲಿ ಗುಟ್ಟಾಗಿ ತಾಳಿ ಕಟ್ಟಿಸುತ್ತಾರೆ. ಅವಳನ್ನು ಮತ್ತೆ ಕಾಲೇಜಿಗೆ ಸೇರಿಸಿ, ತಿಂಗಳಿಗೊಮ್ಮೆ ಹೋಗಿ ಕಂಡು ಬರುವವರು ಯಾರು? ಕಾರ್ಯಕ್ರಮ ಮುಗಿದ ಮೇಲೆ ಪೆಂಡಾಲ್ ಬಿಚ್ಚುವ ನಮಗೆ ಆ ವ್ಯವಧಾನವಿಲ್ಲ.

ಮನಸ್ಸಿನ ಕಾಯಿಲೆಯವರ ಬಗ್ಗೆ ಒಂದೇ ಮಾತು. ದೆವ್ವ ಹಿಡಿದಿದೆ, ಗಾಳಿ ಸೋಕಿದೆ ಎಂದು ಅವರನ್ನು ಅಮಾವಾಸ್ಯೆಗೆ ಗದ್ದುಗೆಯ ಮುಂದೆ ತಂದು ಕೂರಿಸುವ ರೂಢಿ ಇನ್ನೂ ಇದೆ. ತಾಯತದ ಜತೆಗೆ, ಬೇಡ, ತಾಯತದ ಬದಲಿಗೆ, 14416 ಎಂಬ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಡುವ ಒಬ್ಬರು ಅಲ್ಲಿ ಕುಳಿತಿರಲಿ.

ಈ ವೃತ್ತಿಯಲ್ಲೂ ಹುಳುಕಿಲ್ಲವೆಂದಲ್ಲ. ವೈದ್ಯರಿಗೆ, ವಕೀಲರಿಗೆ ಇರುವಂಥ ಶಾಸನಬದ್ಧ ಪರಿಷತ್ತು ಒಟ್ಟು ಸಮಾಜಕಾರ್ಯಕ್ಕೆ ಇಲ್ಲ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಮಾತ್ರ 2021ರ ಕಾಯ್ದೆಯೊಂದು ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿದೆ. ಪದವಿ ಪಡೆದ ಬಹಳ ಮಂದಿ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗುತ್ತಾರೆ, ಹಳ್ಳಿಗೆ ಬರುವವರು ಕಡಿಮೆ. ಯೋಜನೆಯ ಹಣ ಮುಗಿದೊಡನೆ ಗಂಟು ಕಟ್ಟುವ ಸಂಸ್ಥೆಗಳಿವೆ. ಗುತ್ತಿಗೆಯ ಮೇಲೆ ಕಡಿಮೆ ಸಂಬಳಕ್ಕೆ ದುಡಿದು, ಕಂಡವರ ನೋವನ್ನೆಲ್ಲ ಹೊತ್ತು, ತಾವೇ ಬಳಲಿ ಬಿಟ್ಟುಹೋಗುವ ಒಳ್ಳೆಯವರೂ ಇದ್ದಾರೆ. ಸರ್ಕಾರದ ಯೋಜನೆ ಮೂರು ವರ್ಷಕ್ಕೆ ಮುಗಿಯಬಹುದು, ಮಠ ಮೂರು ತಲೆಮಾರು ಅದೇ ಊರಿನಲ್ಲಿರುತ್ತದೆ. ಇಂಥ ಕೆಲಸಕ್ಕೆ ಬೇಕಾದ ನಂಬಿಕೆ, ನೆಲೆ, ಕಾಲ ಮೂರೂ ಮಠದ ಬಳಿ ಇವೆ. ಇಲ್ಲದಿರುವುದು ತರಬೇತಿ ಪಡೆದ ಜನ ಮಾತ್ರ.

ದೊಡ್ಡ ಮಠಗಳು ವಸತಿನಿಲಯಕ್ಕೆ ಒಬ್ಬರಂತೆ, ಹೆಣ್ಣುಮಕ್ಕಳಿರುವಲ್ಲಿ ಮಹಿಳೆಯನ್ನೇ, ಶಿಕ್ಷಕರ ಸಮನಾದ ಸಂಬಳದಲ್ಲಿ ನೇಮಿಸಲಿ. ಅವರು ಮೇಲ್ವಿಚಾರಕರ ಕೈಕೆಳಗೆ ಇರಬಾರದು, ಸಂಸ್ಥೆಯ ಹೊರಗಿನವರೂ ಇರುವ ಒಂದು ಸಮಿತಿಗೆ ವರದಿ ಕೊಡಲಿ. ಇಲ್ಲದಿದ್ದರೆ ಇನ್ನೊಬ್ಬ ಗುಮಾಸ್ತರನ್ನು ನೇಮಿಸಿದಂತೆಯೇ ಆದೀತು. ಸಣ್ಣ ಮಠಗಳು ನಾಲ್ಕಾರು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಹತ್ತಿರದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಕರೆಯಬಹುದು, ಆದರೆ ಅವರನ್ನು ಜಾತ್ರೆಯಲ್ಲಿ ಪ್ರಸಾದ ಬಡಿಸಲು, ವೇದಿಕೆಗೆ ಹೂಗುಚ್ಛ ಹೊರಲು ಹಚ್ಚಬೇಡಿ. ಅದಕ್ಕೆ ನಾವಿದ್ದೇವೆ. ಪ್ರತಿ ವಸತಿನಿಲಯದ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, 1098 ಎಂದು ದೊಡ್ಡದಾಗಿ ಬರೆಸುವುದಕ್ಕಂತೂ ಯಾವ ಸಭೆಯ ಮಂಜೂರಾತಿಯೂ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು.

ನಿಮ್ಮ ಊರಿನ ಪ್ರಸಾದನಿಲಯದಲ್ಲಿ ಎಷ್ಟು ಮಕ್ಕಳಿದ್ದಾರೆ, ರಾತ್ರಿ ಅವರ ಜತೆ ಯಾರು ಇರುತ್ತಾರೆ, ನೋವಾದರೆ ಮಗು ಯಾರ ಬಳಿ ಹೋಗುತ್ತದೆ ಎಂಬ ಮೂರು ವಿಷಯಗಳನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಈಗಾಗಲೇ ಸಮಾಜಕಾರ್ಯಕರ್ತರನ್ನು ನೇಮಿಸಿಕೊಂಡ ಮಠಗಳಿದ್ದರೆ ಅವರ ಅನುಭವವನ್ನು ವಿವರವಾಗಿ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಪುಟ ಬಿಟ್ಟಿರುತ್ತೇನೆ. ಊರಿನ ಹೆಸರು ಹಾಕಬಾರದೆಂದು ತಿಳಿಸಿದರೆ ಹಾಕುವುದಿಲ್ಲ.



ಸಂಪಾದಕ